ಕೆಂಟಕಿಯ ಗುಡ್ಡದಲ್ಲಿ ಜೂಲಿಯ ಗಂಡ

ಹೊರಡುವ ಮೊದಲು

ನನ್ನ ಗೆಳತಿ ಜೂಲಿ ಅಮೆರಿಕದಲ್ಲಿ ಒಬ್ಬ ಹಾಡುಗಾರನಿಗೆ ನಾಲ್ಕನೆಯ ಹೆಂಡತಿ. ಈ ವಾಕ್ಯವನ್ನು ನಮ್ಮ ಕಾಸರಗೋಡಿನಲ್ಲಿ ಎಷ್ಟು ಮೆತ್ತಗೆ ಹೇಳಿದರೂ ಸರಿಯಾಗಿ ಕೇಳಿಸುವುದಿಲ್ಲ. ಹಾಗಾಗಿ ಇಷ್ಟು ವರ್ಷ ಯಾರಾದರೂ ವಿಚಾರಿಸಿದರೆ "ಜೂಲಿ ಕೆಂಟಕಿಯಲ್ಲಿ ನರ್ಸ್" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಈಗ ಅವಳು ರಿಟೈರ್ಡ್, ನಾನು ವಿಧವೆ, ವಿಚಾರಿಸುತ್ತಿದ್ದವರಲ್ಲಿ ಅರ್ಧ ಜನ ತೀರಿಹೋಗಿದ್ದಾರೆ. ಇನ್ನು ಬರೆದರೆ ಯಾರಿಗೂ ತೊಂದರೆ ಇಲ್ಲ.

ನಾವಿಬ್ಬರೂ ಮಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ರೂಮ್‌ಮೇಟ್ಸ್. ಅವಳು ಕುಂಬಳೆ ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಹುಡುಗಿ, ನಾನು ಕಾಸರಗೋಡು ಪೇಟೆಯ ಕನ್ನಡದವಳು. ಹಾಸ್ಟೆಲ್ ಮುಗಿದ ಮೇಲೆ ಅವಳಿಗೆ ನರ್ಸಿಂಗ್, ನನಗೆ ಮದುವೆ. ನನ್ನ ಗಂಡನಿಗೆ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಶಾಪ್ ಇತ್ತು. ಸಿಸ್ಟರುಗಳು ಅಷ್ಟು ಪ್ರೀತಿಯಿಂದ ಕಲಿಸಿದ ನನ್ನ ಇಂಗ್ಲಿಷೆಲ್ಲ ಡಾಕ್ಟರುಗಳ ಕೈಬರಹ ಓದುವುದಕ್ಕೆ ಖರ್ಚಾಯಿತು. ಜೂಲಿಯದ್ದು ಒಬ್ಬ ಕೆಂಟಕಿಯವನನ್ನು ಬೈಯುವುದಕ್ಕೆ. ಯಾರ ಇಂಗ್ಲಿಷ್ ಹೆಚ್ಚು ಉಪಯೋಗಕ್ಕೆ ಬಂತು ಎಂದು ಮಧ್ಯಾಹ್ನ ನಿದ್ದೆ ಬಾರದಾಗ ನಾನು ಯೋಚಿಸುವುದುಂಟು.

ಹೋದ ವರ್ಷ ಅವಳ ಫೋನು ಬಂತು. ಗಂಡ ವೆಂಡೆಲ್ ಟ್ಯಾಕೆಟ್‌ನ ಕಟ್ಟಕಡೆಯ ಶೋ ಅಂತೆ, ಅವನು ಹುಟ್ಟಿದ ಊರಿನಲ್ಲೇ ಅಂತೆ. "ನೀನು ಬಾ ಸುಲೋ," ಅಂದಳು. "ಅಲ್ಲಿ ಎಲ್ಲ ಅವನ ಕಡೆಯವರೇ. ನನ್ನ ಕಡೆಯಿಂದ ಕೂತುಕೊಳ್ಳಲಿಕ್ಕೆ ಒಂದು ಜನ ಬೇಕು."

ಹೆಣ್ಣಿನ ಕಡೆಯವಳಾಗಿ ಹೋಗಬೇಕೆಂದ ಮೇಲೆ ಮಂಡಿನೋವಿನ ನೆಪ ಹೇಳುವುದಾದರೂ ಹೇಗೆ? ಉಪ್ಪಳದಲ್ಲಿ ಟ್ರಾವೆಲ್ಸ್ ಇಟ್ಟಿರುವ ಹಮೀದನ ಹತ್ತಿರ ಟಿಕೆಟಿಗೆ ಹೋದೆ. ಅವನು ಕಂಪ್ಯೂಟರಿನಿಂದ ತಲೆ ಎತ್ತಿ ನನ್ನನ್ನೇ ನೋಡಿದ. "ಕೆಂಟಕಿಯಾ ಅಕ್ಕಾ? ಅಲ್ಲಿ ನಮ್ಮವರು ಯಾರೂ ಇಲ್ಲವಲ್ಲ." ದುಬೈ, ದೋಹಾ, ಮಸ್ಕತ್ತಿನ ಗಲ್ಲಿಗಲ್ಲಿಯಲ್ಲಿ ಹಮೀದನಿಗೆ ಒಬ್ಬೊಬ್ಬ ಭಾವ ಇದ್ದಾನೆ. ಒಬ್ಬ ಭಾವನೂ ಇಲ್ಲದ ಊರಿಗೆ ಎಪ್ಪತ್ತು ದಾಟಿದ ಹೆಂಗಸನ್ನು ಕಳಿಸುವುದು ಅವನ ಮನಸ್ಸಿಗೆ ಒಪ್ಪಲೇ ಇಲ್ಲ. ಕೊನೆಗೆ ಟಿಕೆಟ್ ಕೊಡುವಾಗ ದೋಹಾದ ಭಾವನ ನಂಬರನ್ನಾದರೂ ಇಟ್ಟುಕೊಳ್ಳಿ ಎಂದು ಒತ್ತಾಯಿಸಿದ. ಇಟ್ಟುಕೊಂಡೆ. ದೋಹಾದಲ್ಲಿ ವಿಮಾನ ಬದಲಿಸುವಾಗ ಆ ಭಾವ ತಾನಾಗಿ ಫೋನು ಮಾಡಿ, ಊಟ ಆಯಿತಾ ಎಂದು ಕೇಳಿದ.

ಏರ್‌ಪೋರ್ಟಿನಿಂದ ಗುಡ್ಡಕ್ಕೆ

ಜೂಲಿ ತರಲು ಹೇಳಿದ್ದು ಎರಡೇ ವಸ್ತು: ಮಾವಿನಮಿಡಿ ಉಪ್ಪಿನಕಾಯಿ ಮತ್ತು ಕುಚ್ಚಲಕ್ಕಿ. ಕಸ್ಟಮ್ಸಿನಲ್ಲಿ ನಿಂತಿದ್ದವನು ನನ್ನ ಮೊಮ್ಮಗನ ಪ್ರಾಯದವನು. ಉಪ್ಪಿನಕಾಯಿಯ ಡಬ್ಬಿ ತೆರೆದು ಮೂಸಿ, ಗಾಬರಿಯಾಗಿ ಬೇಗ ಮುಚ್ಚಳ ಹಾಕಿ ವಾಪಸು ಕೊಟ್ಟ. ಯಾವ ಅಪಾಯವೂ ಇಲ್ಲದ ಅಕ್ಕಿಯನ್ನು ಮಾತ್ರ ತೆಗೆದಿಟ್ಟುಕೊಂಡ. ಆ ದೇಶದವರ ಹೆದರಿಕೆಗಳಿಗೆ ಒಂದು ಕ್ರಮ ಇಲ್ಲ.

ಹೊರಗೆ ಜೂಲಿ ನಿಂತಿದ್ದಳು. ತಲೆ ಪೂರ್ತಿ ಬಿಳಿ, ಕುತ್ತಿಗೆಯವರೆಗೆ ಕತ್ತರಿಸಿದ ಕೂದಲು, ಜೀನ್ಸ್ ಪ್ಯಾಂಟು. ನನ್ನನ್ನು ಅಪ್ಪಿಕೊಂಡು ಮೊದಲು ಹೇಳಿದ ಮಾತು, "ಎಂತ ಮಾರಾಯ್ತಿ, ಇಷ್ಟು ಗಿಡ್ಡ ಆಗಿದ್ದೀಯಲ್ಲ." ಆಮೇಲೆ ನನ್ನನ್ನು ಒಂದು ಪಿಕಪ್ ಟ್ರಕ್ಕಿಗೆ ಹತ್ತಿಸಿದಳು. ಹತ್ತಿಸಿದಳು ಎನ್ನುವುದು ಅಕ್ಷರಶಃ ನಿಜ. ಹಿಂದಿನಿಂದ ದೂಡಿದಳು.

ದಾರಿಯುದ್ದಕ್ಕೂ ಗುಡ್ಡ. ನಮ್ಮ ಗುಡ್ಡಗಳ ಹಾಗೆಯೇ, ಒಂದರ ಹಿಂದೆ ಒಂದು, ಮುಗಿಯುವುದೇ ಇಲ್ಲ. ಕೆಲವಕ್ಕೆ ತಲೆಯೇ ಇಲ್ಲ. ಕಲ್ಲಿದ್ದಲಿಗೆಂದು ಮೇಲಿನಿಂದ ಕತ್ತರಿಸಿ ತೆಗೆದಿದ್ದಾರೆ. ನಮ್ಮಲ್ಲಿ ಕೆಂಪುಕಲ್ಲು ತೆಗೆಯುವ ಪಣೆಗೆಂದು ಗುಡ್ಡವನ್ನು ಬದಿಯಿಂದ ಕೊರೆಯುತ್ತಾರೆ, ಅಲ್ಲಿ ಟೋಪಿ ತೆಗೆದ ಹಾಗೆ ತೆಗೆದುಬಿಡುತ್ತಾರೆ. ಎದುರಿನಿಂದ ಬರುವ ಪ್ರತಿ ಗಾಡಿಯವನೂ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಿದ್ದ. ಇವರೆಲ್ಲ ನಿನಗೆ ಗೊತ್ತಾ ಎಂದು ಕೇಳಿದೆ. ಒಬ್ಬನೂ ಗೊತ್ತಿಲ್ಲ ಎಂದಳು ಜೂಲಿ, ಬೆರಳು ಎತ್ತುತ್ತಲೇ.

ಆ ಟ್ರಕ್ಕಿನಲ್ಲೇ ನನಗೆ ವಿಷಯ ಗೊತ್ತಾದದ್ದು. ವೆಂಡೆಲ್ ತನ್ನ ಕೊನೆಯ ಶೋದಲ್ಲಿ ಹಾಡುವುದಿಲ್ಲವಂತೆ. ಅವನ ಜೊತೆ ಅಷ್ಟು ವರ್ಷ ಟೆನರ್ ಹಾಡಿದ ಅರ್ಲ್ ಆ ಸಲದ ಚಳಿಗಾಲ ದಾಟಲಿಲ್ಲ. ಟೆನರ್ ಅಂದರೆ ಮುಖ್ಯ ಹಾಡುಗಾರನ ರಾಗದ ಮೇಲೆ ಅಂಟಿಕೊಂಡು ಹೋಗುವ ಇನ್ನೊಂದು ಎತ್ತರದ ದನಿ. ಸೈಕಲಿನಲ್ಲಿ ಡಬಲ್ ಹೋಗುವಾಗ ಒಬ್ಬ ತುಳಿಯುತ್ತಾನೆ, ಹಿಂದಿನವನು ಬೀಳದ ಹಾಗೆ ತೂಕ ಹಿಡಿಯುತ್ತಾನಲ್ಲ, ಹಾಗೆ. ಹಿಂದಿನವನಿಲ್ಲದೆ ವೆಂಡೆಲ್ ಸೈಕಲ್ ಹತ್ತುವುದಿಲ್ಲ. ಸ್ಟೇಜಿನ ಮೇಲೆ ಕುರ್ಚಿ ಹಾಕಿಕೊಂಡು ಕಥೆ ಹೇಳುತ್ತಾನಂತೆ, ಅಷ್ಟೇ.

"ಅವನ ಎಲ್ಲ ಹಾಡಿನ ಟೆನರ್ ನನಗೆ ಬರ್ತದೆ ಸುಲೋ," ಅಂದಳು ಜೂಲಿ, ರಸ್ತೆ ನೋಡಿಕೊಂಡು. "ಎಲ್ಲ. ಒಂದು ಸಲ ಆ ಮೈಕಿನ ಎದುರು ಅವನ ಪಕ್ಕ ನಿಲ್ಲಬೇಕು ಅಂತ ನನಗೆ ಆಸೆ ಉಂಟು. ಇದು ಬಿಟ್ಟರೆ ಇನ್ನು ಇಲ್ಲ."

"ಅವನತ್ರ ಹೇಳಿದ್ದೀಯಾ?"

"ನಾನ್ಯಾಕೆ ಹೇಳ್ಬೇಕು? ಮೂವತ್ತು ವರ್ಷ ಒಂದೇ ಮನೆಯಲ್ಲಿ ಹಾಡ್ತಾ ಇದ್ದೇನೆ. ಅವನಿಗೇ ಗೊತ್ತಾಗ್ಬೇಕು."

ಜಗಲಿ

ಅವನಿಗೆ ಯಾಕೆ ಗೊತ್ತಾಗಲಿಲ್ಲ ಎಂದು ಮನೆ ತಲುಪಿದ ಕೂಡಲೇ ನನಗೆ ಗೊತ್ತಾಯಿತು. ವೆಂಡೆಲ್ ಬಹಳ ಮರ್ಯಾದಸ್ಥ. ಎಂಬತ್ತೈದರ ಆಸುಪಾಸಿನ ಮನುಷ್ಯ, ಆನೆಯ ಕಿವಿ, ಹ್ಯಾಟು. ಹೆಂಗಸು ಒಳಗೆ ಬಂದರೆ ಮಂಡಿ ಎಷ್ಟು ನೋಯಲಿ, ಎದ್ದು ನಿಲ್ಲುತ್ತಾನೆ. ನನ್ನನ್ನು ಮಿಸ್ ಸೂ ಎಂದು ಕರೆದ, ನಾವು ಟೀಚರುಗಳನ್ನು ಕರೆಯುವ ಧಾಟಿಯಲ್ಲಿ. ಇಷ್ಟೆಲ್ಲ ಮಾಡಿದ ಮೇಲೆ ಎರಡೂ ಕಿವಿಯಿಂದ ಹಿಯರಿಂಗ್ ಏಡ್ ತೆಗೆದು ಒಂದು ಸಣ್ಣ ಡಬ್ಬದೊಳಗೆ ಹಾಕಿ ಮುಚ್ಚಿದ. ಮನೆಯೊಳಗೆ ಅವನು ಅದನ್ನು ಹಾಕುವ ಪದ್ಧತಿಯೇ ಇಲ್ಲ. ಜಗಲಿಗೆ ಬಂದು ಯಾರೊಡನೆಯಾದರೂ ಮಾತಾಡಬೇಕಾದರೆ ಮಾತ್ರ ಹಾಕುತ್ತಾನೆ. ಈ ಮದುವೆ ಇಷ್ಟು ವರ್ಷ ಬಾಳಿದ್ದರ ಗುಟ್ಟು ಅದೇ ಎಂದು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದರು.

ಜೂಲಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಗಂಟಲು ಬಿಟ್ಟು ಟೆನರ್ ಹಾಡುತ್ತಿದ್ದಳು. ಅವನು ಪಕ್ಕದ ಕೋಣೆಯಲ್ಲಿ ಪರಮಶಾಂತಿಯಿಂದ ಹವಾಮಾನ ವರದಿ ನೋಡುತ್ತಿದ್ದ.

ಮರುದಿನ ಜಗಲಿಯ ತೂಗುಬೆಂಚಿನಲ್ಲಿ ಕೂರಿಸಿ ತನ್ನ ಲೈಫ್ ಹಿಸ್ಟರಿ ಶುರುಮಾಡಿದ. ಎದುರಿಗೆ ಐಸ್ ಹಾಕಿದ ಸಿಹಿ ಚಾ. ನಮ್ಮ ಮದುವೆಮನೆಯ ಪಾಯಸ ಅದರೆದುರು ಕಷಾಯ. ಅವನ ಇಂಗ್ಲಿಷ್ ನನ್ನ ಕಾನ್ವೆಂಟಿನಲ್ಲಿ ಕಲಿಸಿದ್ದಲ್ಲ. ಪ್ರತಿ ಶಬ್ದವನ್ನೂ ಬಬಲ್ ಗಮ್ಮಿನ ಹಾಗೆ ಎಳೆಯುತ್ತಾನೆ. ಅರ್ಧ ದಿನ ಕೇಳಿದ ಮೇಲೆ ನನಗೆ ಹಿಡಿತಕ್ಕೆ ಬಂತು. ಕನ್ನಡದಲ್ಲಿ ಬರೆದರೆ ಅವನು ನಿಜಕ್ಕಿಂತ ಸ್ವಲ್ಪ ಜಾಣನಾಗಿ ಕಾಣಿಸಬಹುದು, ಓದುಗರು ಕ್ಷಮಿಸಬೇಕು.

ಅಪ್ಪ ಕಲ್ಲಿದ್ದಲ ಗಣಿಯವನು. ಸಂಜೆ ಮನೆಗೆ ಬರುವಾಗ ಕಣ್ಣು ಮತ್ತು ಹಲ್ಲು ಮಾತ್ರ ಕಾಣುತ್ತಿದ್ದವಂತೆ. ಆ ಹಲ್ಲು ನೋಡಿಯೇ ಮಗ ತೀರ್ಮಾನ ಮಾಡಿದ, ನೆಲದ ಕೆಳಗೆ ತಾನು ಇಳಿಯುವುದು ಒಂದೇ ಸಲ, ಅದೂ ಸತ್ತ ಮೇಲೆ. ಮಾವನ ಮನೆಯ ಮೊಳೆಯಲ್ಲಿ ಗಿಟಾರು ನೇತಾಡುತ್ತಿತ್ತು. ಕೇಳದೆ ತೆಗೆದ, ಕೇಳದೆ ಕಲಿತ. ಹದಿನಾರಕ್ಕೆ ಊರ ರೇಡಿಯೋದಲ್ಲಿ ಬೆಳಗ್ಗೆ ಬೆಳಗ್ಗೆ ಮೈದಾಹಿಟ್ಟಿನ ಜಾಹೀರಾತು, ನಡುವೆ ದೇವರ ಹಾಡು. ಮಲಬದ್ಧತೆಯ ಮಾತ್ರೆಗೂ ಅವನೇ ಹಾಡಿದ್ದ. ಅದನ್ನು ನನಗೆ ಪೂರ್ತಿ ಹಾಡಿ ತೋರಿಸಿದ. ನಮ್ಮ ಮೆಡಿಕಲ್ ಶಾಪಿಗೆ ಇಂಥವನೊಬ್ಬ ಇದ್ದಿದ್ದರೆ ಎಂದು ಅನಿಸದೆ ಇರಲಿಲ್ಲ.

ಆಮೇಲೆ ನ್ಯಾಶ್‌ವಿಲ್. ಕಂಟ್ರಿ ಹಾಡಿನ ಕಂಪೆನಿಗಳೆಲ್ಲ ಇರುವ ಊರು. ಅಲ್ಲಿಯವರು ಅವನಿಗೆ ಮಿಣಮಿಣ ಕಲ್ಲು ಹೊಲಿದ ಕೋಟು ಹಾಕಿಸಿದರು, ಹಿಂದೆ ಹತ್ತಾರು ವಯಲಿನ್ ನಿಲ್ಲಿಸಿದರು. ಲಾರಿ ಡ್ರೈವರನ ಹೆಂಡತಿ ಓಡಿಹೋಗುವ ಒಂದು ಹಾಡು ದೇಶವಿಡೀ ಹಿಟ್ ಆಯಿತು. ವೆಂಡೆಲ್ ಗುಲಾಬಿ ಬಣ್ಣದ ಕಾರು ಕೊಂಡ. ಮೊದಲ ಹೆಂಡತಿ ಎರಡು ಹೆಣ್ಣುಮಕ್ಕಳನ್ನು ಕರಕೊಂಡು ತವರಿಗೆ ಹೋದಳು, ಕಾರಿನ ಬಣ್ಣ ನೋಡಿಯೇ ಹೋಗಿರಬೇಕು. ಎರಡನೆಯವಳು ಡಾಟಿ, ಅವನ ಜೊತೆ ಸ್ಟೇಜಿನಲ್ಲಿ ಹಾಡುವವಳು. ಆ ಜೋಡಿಯ ಫೋಟೋ ಇನ್ನೂ ಗೋಡೆಯಲ್ಲುಂಟು. ಅವಳು ಒಂದು ಪೆಟ್ರೋಲ್ ಬಂಕಿನಲ್ಲಿ ಬಸ್ಸಿನಿಂದ ಇಳಿದವಳು ಪಿಟೀಲಿನವನ ಜೊತೆ ಬೇರೆ ಗಾಡಿ ಹತ್ತಿದಳು. ಮೂರನೆಯದರ ಬಗ್ಗೆ ಅವನಿಗೆ ಸರಿಯಾಗಿ ನೆನಪಿಲ್ಲ. ಆ ಕಾಲವಿಡೀ ಕುಡಿಯುತ್ತಿದ್ದನಂತೆ.

ಕೋಟು ಹೋಯಿತು, ಕಾರು ಹೋಯಿತು, ಹೊಸ ಹುಡುಗರ ಹಾಡುಗಳು ಬಂದವು. ಆಗ ಅವನು ಮೊದಲು ಕಲಿತ ಗುಡ್ಡದ ಸಂಗೀತಕ್ಕೇ, ಬ್ಲೂಗ್ರಾಸಿಗೇ ವಾಪಸು ಬಂದ. ಅದರಲ್ಲಿ ಡ್ರಮ್ ಇಲ್ಲ, ವಯರುಗಳಿಲ್ಲ. ಗಿಟಾರು, ಬ್ಯಾಂಜೋ, ಪಿಟೀಲು, ಒಂದು ಆಳೆತ್ತರದ ಬೇಸ್, ಎಲ್ಲರ ನಡುವೆ ಒಂದೇ ಮೈಕು. ಕಂಟ್ರಿಗೂ ಬ್ಲೂಗ್ರಾಸಿಗೂ ಎಂತ ವ್ಯತ್ಯಾಸ ಎಂದು ಕೇಳಿದೆ.

"ಕಂಟ್ರಿಯಲ್ಲಿ ಹೆಂಡತಿ ಬಿಟ್ಟುಹೋಗುತ್ತಾಳೆ ಮಿಸ್ ಸೂ," ಅಂದ. "ಬ್ಲೂಗ್ರಾಸಿನಲ್ಲಿ ಸತ್ತುಹೋಗುತ್ತಾಳೆ. ಇಲ್ಲದಿದ್ದರೆ ಗಂಡನೇ ಹೊಳೆಗೆ ದೂಡುತ್ತಾನೆ."

ಡಾಟಿ ಹೋದಂದಿನಿಂದ ಅವನ ಬ್ಯಾಂಡಿಗೆ ಎರಡು ರೂಲ್. ಪಿಟೀಲಿನವನು ಚಂದ ಇರಬಾರದು. ಹೆಂಡತಿ ಮೈಕಿನ ಹತ್ತಿರ ಬರಬಾರದು. ಇದನ್ನು ಅವನು ಹೇಳುವಾಗ ಜೂಲಿ ಚಾದ ಜಗ್ ತಂದು ಇಟ್ಟಳು. ಇಡಬೇಕಾದುದಕ್ಕಿಂತ ಸ್ವಲ್ಪ ಜೋರಾಗಿಯೇ ಇಟ್ಟಳು. ಅವನು ಥ್ಯಾಂಕ್ಯೂ ಹನಿ ಎಂದ.

ಗುರುವಾರ, ಕ್ಷೌರದಂಗಡಿ

ಗುರುವಾರ ಸಂಜೆ ಆ ಊರಿನ ಕ್ಷೌರದಂಗಡಿಯಲ್ಲಿ ಕ್ಷೌರ ಇಲ್ಲ, ಜಾಮ್ ಉಂಟು. ವಾದ್ಯ ಇದ್ದವರು ತಂದು, ದುಂಡಗೆ ಕೂತು, ಬಾರಿಸುತ್ತಾರೆ. ಅಂಗಡಿಯ ಡ್ವೇನ್ ಬ್ಯಾಂಜೋದವನು. ಬೇಸ್ ಹಿಡಿದಾಕೆ ಸ್ಕೂಲ್ ಬಸ್ಸಿನ ಡ್ರೈವರ್. ಪಿಟೀಲಿನವನು ಅಲ್ಲಿಯ ಇಗರ್ಜಿಯ ಪಾಸ್ಟರ್, ರೂಲಿಗೆ ಸರಿಯಾದ ಮುಖ.

ಎಡನೀರಿನ ಮಠದಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಜಾಮ್ ಬೇಗ ಅರ್ಥವಾಗುತ್ತದೆ. ವೇಷ ಇಲ್ಲ, ಪರದೆ ಇಲ್ಲ, ಕುಳಿತಲ್ಲೇ ಎಲ್ಲ. ಒಬ್ಬರು ಮುಗಿಸಿ ಇನ್ನೊಬ್ಬರ ಕಡೆ ಗಲ್ಲ ಅಲ್ಲಾಡಿಸಿದರೆ ಅವರ ಸರದಿ. ಬ್ಯಾಂಜೋ ಚೆಂಡೆಯ ಹಾಗೆ, ಪಕ್ಕದಲ್ಲಿ ಕೂತವರ ಬೇರೆ ಯೋಚನೆಗಳನ್ನೆಲ್ಲ ಓಡಿಸುತ್ತದೆ. ಹಾಡುವವರಂತೂ ಭಾಗವತರ ಏರುಶ್ರುತಿಯಲ್ಲೇ, ಮೂಗು ಗಂಟಲು ಎರಡನ್ನೂ ಬಿಗಿಹಿಡಿದು. ಜೂಲಿಯ ದನಿ ಹುಟ್ಟಿನಿಂದಲೇ ಅಂಥದ್ದು. ಹಾಸ್ಟೆಲಿನ ಕ್ವಾಯರಿನಿಂದ ಅವಳನ್ನು ತೆಗೆದುಹಾಕಿದ್ದೇ ಅದಕ್ಕೆ. ಸೇಂಟ್‌ಗಳಿಗೆ ಭಯವಾಗುತ್ತದೆ ಎಂದಿದ್ದರು ಮ್ಯೂಸಿಕ್ ಸಿಸ್ಟರ್. ಅಂಥದ್ದೇ ದನಿ ಕೇಳಲು ಈ ಗುಡ್ಡದಲ್ಲಿ ಜನ ದೂರದೂರದಿಂದ ಗಾಡಿ ಓಡಿಸಿಕೊಂಡು ಬರುತ್ತಾರೆ.

ಇಂಡಿಯಾದಿಂದ ಬಂದ ಗೆಸ್ಟ್ ಎಂದು ನನ್ನನ್ನು ಕ್ಷೌರದ ಕುರ್ಚಿಯಲ್ಲೇ ಕೂರಿಸಿ, ಪೆಡಲ್ ಒತ್ತಿ ಮೇಲಕ್ಕೇರಿಸಿದರು. ನನ್ನ ಕಾಲ ಬುಡದಲ್ಲಿ, ಸ್ಟೂಲಿನ ಮೇಲೆ ವೆಂಡೆಲ್. ಹಾಡುವುದಿಲ್ಲ ಎಂದು ಹೇಳಿದ್ದನಲ್ಲ, ಬರೇ ಗಿಟಾರು ಮೀಟುತ್ತಿದ್ದ. ಅಲ್ಲಿ ಹಿರಿಯ ಅವನಾದ್ದರಿಂದ ಎಲ್ಲರ ಕಣ್ಣೂ ಅವನಿರುವ ಮೂಲೆಯ ಮೇಲೆ. ಜೂಲಿ ಹಿಂದೆ, ಕಾಫಿ ಮೆಷಿನ್ನಿನ ಹತ್ತಿರ.

ಡ್ವೇನ್ ವೆಂಡೆಲನದೇ ಒಂದು ಹಳೆಯ ಹಾಡು ಎತ್ತಿಕೊಂಡ. ಗಣಿ ಮುಚ್ಚಿದ ಮೇಲೆ ಆ ಊರಿಗೆ ಬಾರದೆ ಹೋದ ರೈಲಿನ ಕಥೆ. ರೈಲು ಬರುವುದಿಲ್ಲ ಎನ್ನುವುದನ್ನು ಅವರು ಬಹಳ ಹೊತ್ತು ಹೇಳುತ್ತಾರೆ. ಅಷ್ಟರಲ್ಲಿ ನನ್ನ ಬಲಗಾಲು ಜೋಮು ಹಿಡಿಯಿತು. ಆಗ ನಾನು ಊರಿನ ಯಾವ ಮುದುಕಿಯಾದರೂ ಮಾಡುವುದನ್ನೇ ಮಾಡಿದೆ. ಎರಡೂ ಕೈಯಲ್ಲಿ ಕಾಲನ್ನು ಹಿಡಿದು ಎತ್ತಿ, ಕುರ್ಚಿಯ ಮೇಲೆ ಮಡಚಿ ಇಟ್ಟುಕೊಳ್ಳಲು ಹೊರಟೆ. ಜೂಲಿ ತೆಗೆಸಿಕೊಟ್ಟ ಬಿಳೀ ಶೂಸು ಸೀರೆಯ ಕೆಳಗಿನಿಂದ ಹೊರಬಂದು ವೆಂಡೆಲನ ಹ್ಯಾಟಿನ ಪಕ್ಕ ಒಂದು ಕ್ಷಣ ಗಾಳಿಯಲ್ಲಿ ನಿಂತಿತು.

ಹಾಡು ನಿಂತೇಹೋಯಿತು. ಪಲ್ಲವಿ ಮುಗಿದದ್ದೇ ಎಲ್ಲರೂ ಒಟ್ಟಿಗೆ ಟಡಟ್ಟಡ ಎಂದು ಮುಕ್ತಾಯ ಬಾರಿಸಿ ಕೈ ಎತ್ತಿಬಿಟ್ಟರು. ಆಮೇಲೆ ನನಗೆ ತಿಳಿದ ಪ್ರಕಾರ ಅಲ್ಲಿಯ ಸಂಪ್ರದಾಯವೇ ಹಾಗೆ. ಕೈ ವಾದ್ಯದಲ್ಲಿ, ಬಾಯಿ ಹಾಡಿನಲ್ಲಿ ಇರುತ್ತದಲ್ಲ, ಹಾಗಾಗಿ ಇದು ಕೊನೆ ಎಂದು ಹೇಳಲು ಮುಂದಾಳು ಕಾಲೆತ್ತುತ್ತಾನೆ. ಮುಂದಾಳಿನ ಮೂಲೆಯಿಂದ ಒಂದು ಕಾಲು ಎದ್ದಿತು, ಅವರು ನಿಲ್ಲಿಸಿದರು. ಕಾಲು ಯಾರದೆಂದು ನೋಡುವಷ್ಟು ಹೊತ್ತು ಯಾರಿಗಿತ್ತು?

ಎಲ್ಲರೂ ನಿಲ್ಲಿಸಿದರು, ಒಬ್ಬಳನ್ನು ಬಿಟ್ಟು. ಕಾಫಿ ಮೆಷಿನ್ನಿನ ಹತ್ತಿರ ಜೂಲಿ ಕಣ್ಣು ಮುಚ್ಚಿ, ಬ್ಯಾಂಜೋದ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ ಎನ್ನುವ ಧೈರ್ಯದಲ್ಲಿ ಟೆನರ್ ಹಾಡುತ್ತಿದ್ದಳು. ಇನ್ನೊಂದು ಚರಣ ಬಾಕಿ ಇದೆ ಎಂದು ಅವಳಿಗೆ ಗೊತ್ತಿತ್ತು. ಆ ಚರಣದ ಮೊದಲ ಸಾಲನ್ನು ಅವಳು ಪೂರ್ತಿ ಹಾಡಿದಳು, ಆ ನಿಶ್ಶಬ್ದದಲ್ಲಿ, ಒಬ್ಬಳೇ. ಕನ್ನಡಿಗಳು ಅದುರಿದ ಹಾಗಾಯಿತು.

ಕಣ್ಣು ತೆರೆದಳು. ವೆಂಡೆಲ್ ಕಿವಿಗೆ ಕೈ ಹಾಕಿ ಮೆಷಿನ್ನು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಂಡ.

"ಅದು ಯಾರು?" ಅಂದ.

ಎಲ್ಲರೂ ಕಾಫಿ ಮೆಷಿನ್ನಿನ ಕಡೆ ನೋಡಿದರು.

"ಯಾರಿಗಾದರೂ ಕಾಫಿ ಬೇಕಾ?" ಅಂದಳು ಜೂಲಿ.

ಶುಕ್ರವಾರ

ಬೆಳಗ್ಗೆ ಎದ್ದು ಬಂದರೆ ವೆಂಡೆಲ್ ಊಟದ ಮೇಜಿನ ಎದುರು ಹಿಯರಿಂಗ್ ಏಡ್ ಹಾಕಿಕೊಂಡು ಕೂತಿದ್ದ. ಅದನ್ನು ನೋಡಿ ಜೂಲಿ ಬಾಯಿ ಹೊಲಿದುಕೊಂಡಳು. ಪಾತ್ರೆ ತೊಳೆದಳು, ಬಟ್ಟೆ ಮಡಚಿದಳು, ಒಂದು ಸ್ವರ ಹೊರಬರಲಿಲ್ಲ. ಅವನು ಹಾಡು ಕೇಳಲು ಕಾದಿದ್ದ, ಇವಳು ಅವನು ಬಾಯಿ ಬಿಟ್ಟು ಕೇಳಲಿ ಎಂದು ಕಾದಿದ್ದಳು. ಇಬ್ಬರಿಗೂ ಸೇರಿ ನೂರೈವತ್ತು ದಾಟಿದ ಪ್ರಾಯ.

"ಹೋಗಿ ಹೇಳು ಮಾರಾಯ್ತಿ," ಅಂದೆ. "ಶೋ ನಾಳೆ."

"ಹೇಳುದಿಲ್ಲ. ನಿನ್ನೆ ಕೇಳಿಸಿತಲ್ಲ ಅವನಿಗೆ? ಕಾರಿನಲ್ಲಿ ಬರುವಾಗ ಒಂದು ಮಾತು ಆಡಿದನಾ? ಡಾಟಿಗೆ ಫೋಟೋ ಉಂಟು ಗೋಡೆಯಲ್ಲಿ. ನಾನು ಅದರ ಧೂಳು ಒರೆಸುವವಳು."

ಹೀಗೆ ಹೇಳಿದವಳೇ ನನಗೆ ಬಿಸ್ಕೆಟ್ ಅಂಡ್ ಗ್ರೇವಿ ಬಡಿಸಿದಳು. ಬಿಸ್ಕೆಟ್ ಎಂದರೆ ಚಾಕ್ಕೆ ಅದ್ದುವಂಥದ್ದು ಎಂದುಕೊಂಡಿದ್ದೆ. ಬಂದದ್ದು ಉಪ್ಪಿನ ಬನ್ನು, ಮೇಲೆ ಗೋಡೆಗೆ ಬಳಿಯುವ ಸುಣ್ಣದಂಥ ಒಂದು ಪದಾರ್ಥ. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆ ಕೆಟ್ಟಿತ್ತು, ತಲೆಯೂ ಕೆಟ್ಟಿತ್ತು. ಆ ಸ್ಥಿತಿಯಲ್ಲಿ ಜಗಲಿಗೆ ಬಂದರೆ ವೆಂಡೆಲ್ ಮತ್ತೆ ಡಾಟಿಯ ಪೆಟ್ರೋಲ್ ಬಂಕ್ ತೆಗೆದ. ರೂಲ್ ಎಂದರೆ ರೂಲ್, ಅಂದ. ನಾನು ಯಾವ ರೂಲ್ ಎಂದು ಕೇಳಿಯೇ ಇರಲಿಲ್ಲ.

ಗ್ರೇವಿ ಇಲ್ಲದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ.

"ವೆಂಡೆಲ್," ಅಂದೆ, "ಬಂದ ದಿನದಿಂದ ನಿಮ್ಮ ಲೈಫ್ ಹಿಸ್ಟರಿ ಕೇಳುತ್ತಿದ್ದೇನೆ. ಡಾಟಿ ಬಸ್ಸಿಳಿಯುವಾಗ ಹಾಕಿದ್ದ ಬೂಟಿನ ಬಣ್ಣ ಕೂಡ ನನಗೀಗ ಗೊತ್ತು. ಜೂಲಿ ಈ ಕಥೆಯಲ್ಲಿ ಎಲ್ಲಿ ಬರುತ್ತಾಳೆ?"

"ಬೈಪಾಸ್ ಆಪರೇಷನ್ ಆದಾಗ," ಅಂದ. "ಐಸಿಯುದಲ್ಲಿ ಅವಳೇ ನರ್ಸು."

"ಆಮೇಲೆ?"

ಅವನು ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡ. ಎದುರಿನ ಗುಡ್ಡದಲ್ಲಿ ಒಂದು ಲಾರಿ ಗೇರು ಬದಲಿಸಿ ಮೇಲೆ ಹೋಯಿತು.

"ಆಮೇಲೆ ನಾನು ಸಾಯಲಿಲ್ಲ," ಅಂದ.

ಈ ಮನುಷ್ಯ ಹಾಡು ಬರೆಯುವವನು ಎನ್ನುವುದು ನನಗೆ ಆಗ ಮಾತ್ರ ನಂಬಿಕೆಯಾಯಿತು. ಅದನ್ನು ಅವಳಿಗೆ ಹೇಳಿದ್ದೀರಾ ಎಂದು ಕೇಳಿದೆ. ಅವನು ಹ್ಯಾಟು ಹಾಕಿಕೊಂಡು ಎದ್ದು, ಗಿಟಾರು ಹಿಡಿದು ಹಿತ್ತಿಲ ಶೆಡ್ಡಿಗೆ ಹೋದ. ಸಂಜೆಯವರೆಗೆ ಅಲ್ಲಿಂದ ತಂತಿ ಬಿಗಿಯುವ ಸದ್ದು ಕೇಳುತ್ತಿತ್ತು. ಹೆಂಡತಿಗೆ ಮಾತ್ರ ಒಂದು ಮಾತೂ ಇಲ್ಲ.

ಶನಿವಾರ, ಶಾಲೆಯ ಬಾಸ್ಕೆಟ್‌ಬಾಲ್ ಹಾಲು

ಶೋ ಇದ್ದದ್ದು ಊರಿನ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಹಾಲಿನಲ್ಲಿ, ಮಧ್ಯಾಹ್ನ ಊಟದ ಮೇಲೆ. ಬಾಗಿಲಲ್ಲಿ ಹೆಂಗಸರು ಕೇಕು ಮಾರುತ್ತಿದ್ದರು. ಲಕ್ಕಿ ಡ್ರಾಗೆ ಇಡೀ ಒಂದು ಹಂದಿಯ ತೊಡೆ ಇಟ್ಟಿದ್ದರು. ನಾನು ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವಳು, ಆದರೂ ಸಭ್ಯತೆಗೆಂದು ಒಂದು ಟಿಕೆಟ್ ತೆಗೆದುಕೊಂಡು, ಬರಬಾರದೆಂದು ಅಷ್ಟೂ ಹೊತ್ತು ಪ್ರಾರ್ಥಿಸಿದೆ.

ಮೊದಲನೆಯ ಸಾಲಿನಲ್ಲಿ ಮೊದಲನೆಯ ಹೆಂಡತಿಯ ಹೆಣ್ಣುಮಕ್ಕಳು, ಅವರ ಮಕ್ಕಳು, ರಿಬ್ಬನ್ ಕಟ್ಟಿದ ಕುರ್ಚಿಗಳು. ಜೂಲಿ ನನ್ನ ಕೈ ಹಿಡಿದು ನಾಲ್ಕನೆಯ ಸಾಲಿಗೆ ಎಳೆದಳು. "ನಂಬರ್ ಪ್ರಕಾರ," ಅಂದಳು. ನೀಲಿ ರೇಷ್ಮೆ ಬ್ಲೌಸು, ತುಟಿಗೆ ಬಣ್ಣ. ಹಾಡುವ ಯೋಚನೆ ಇಲ್ಲದವಳಿಗೆ ಇಷ್ಟು ಅಲಂಕಾರ ಯಾಕೆ ಎಂದು ನಾನು ಕೇಳಲಿಲ್ಲ.

ವೆಂಡೆಲ್ ಬಂದ, ಹಾಲಿಡೀ ಎದ್ದು ನಿಂತಿತು. ಕುರ್ಚಿಯಲ್ಲಿ ಕೂತು ಕಥೆ ಹೇಳಿದ. ಅಪ್ಪನ ಹಲ್ಲು, ಮಾವನ ಗಿಟಾರು, ಗುಲಾಬಿ ಕಾರು. ಮಾತ್ರೆಯ ಜಾಹೀರಾತಿಗೆ ಜನ ಕಣ್ಣೀರು ಬರುವಷ್ಟು ನಕ್ಕರು. ನಡುನಡುವೆ ಬ್ಯಾಂಡಿನವರು ಹಾಡಿಲ್ಲದ, ಬರೇ ವಾದ್ಯದ ತುಣುಕುಗಳನ್ನು ಬಾರಿಸಿದರು. ಡಾಟಿಯ ಬಸ್ಸು ಬಂತು. ಪೆಟ್ರೋಲ್ ಬಂಕು ಬರಲಿಲ್ಲ. ನನ್ನ ಜೀವಮಾನದಲ್ಲಿ ಒಂದು ಪೆಟ್ರೋಲ್ ಬಂಕನ್ನು ಅಷ್ಟು ಕಾದದ್ದಿಲ್ಲ. ಬಸ್ಸು ಅಲ್ಲಿ ನಿಲ್ಲದೆ ಮುಂದೆ ಹೋಯಿತು.

ಆಮೇಲೆ ವೆಂಡೆಲ್ ಕುರ್ಚಿಯಿಂದ ಎದ್ದ. ಎದ್ದವನು ಮೈಕಿನ ಎದುರಿಗೆ ಬಂದು ಗಿಟಾರು ಸರಿಮಾಡಿಕೊಂಡು, ನಡುವಿನಿಂದ ಒಂದು ಹೆಜ್ಜೆ ಬಲಕ್ಕೆ ಸರಿದು ನಿಂತ. ಅವನ ಎಡಪಕ್ಕದಲ್ಲಿ ಒಂದು ಆಳಿನಷ್ಟು ಜಾಗ ಖಾಲಿಯಾಯಿತು. ಅರ್ಲ್ ನಿಲ್ಲುತ್ತಿದ್ದ ಜಾಗ ಎಂದು ಊರವರಿಗೆ ಗೊತ್ತು. ವೆಂಡೆಲ್ ನಾಲ್ಕನೆಯ ಸಾಲಿನ ಕಡೆ ನೋಡಿಕೊಂಡು ನಿಂತ.

"ನಿನ್ನನ್ನೇ," ಅಂದೆ ನಾನು.

"ಗೊತ್ತುಂಟು."

"ಮತ್ತೆ ಹೋಗು."

"ಜಾಗ ಬಿಟ್ಟುಕೊಟ್ಟರೆ ಓಡಿಹೋಗಿ ನಿಲ್ಲಲಿಕ್ಕೆ ನಾನೆಂತ ಬಸ್ಸಿಗೆ ಕಾಯುವವಳಾ? ಬಾಯಿ ಬಿಟ್ಟು ಕರೀಲಿ."

ಅವನು ಕರೆಯಲಿಲ್ಲ, ಇವಳು ಏಳಲಿಲ್ಲ. ಡ್ವೇನ್ ಬ್ಯಾಂಜೋದ ಕಿವಿ ತಿರುಗಿಸುವ ನಟನೆ ಮಾಡಿದ. ಪಾಸ್ಟರ್ ಛಾವಣಿ ನೋಡಿದ. ಮುಂದಿನ ಸಾಲಿನ ಹೆಣ್ಣುಮಕ್ಕಳಲ್ಲಿ ದೊಡ್ಡವಳು ಹಿಂದೆ ತಿರುಗಿ ಜೂಲಿಯನ್ನೂ, ಜೂಲಿಯ ಲಿಪ್‌ಸ್ಟಿಕ್ಕನ್ನೂ ನೋಡಿದಳು. ಜೂಲಿ ಮಡಿಲಲ್ಲಿದ್ದ ಹ್ಯಾಂಡ್‌ಬ್ಯಾಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

ವೆಂಡೆಲ್ ಗಂಟಲು ಸರಿಮಾಡಿಕೊಂಡ. ಬ್ಯಾಂಡಿನವರನ್ನು ಹೆಸರು ಹಿಡಿದು ಪರಿಚಯಿಸುವುದು ಆ ಸಂಗೀತದ ಮರ್ಯಾದೆ, ಹೆಸರಿನ ಜೊತೆ ಹುಟ್ಟಿದ ಊರನ್ನೂ ಹೇಳಬೇಕು. ಬೇಸ್ ಹಿಡಿದಾಕೆಯ ಹೆಸರು ಹೇಳಿದ, ಅವಳ ಊರು ಹೇಳಿದ, ಚಪ್ಪಾಳೆ. ಪಾಸ್ಟರ್, ಅವನ ಊರು, ಚಪ್ಪಾಳೆ. ಡ್ವೇನನ ಊರು ಅದೇ ಆದ್ದರಿಂದ ದೊಡ್ಡ ಚಪ್ಪಾಳೆ.

"ಮತ್ತು ಟೆನರ್ ಹಾಡುವುದು," ಅಂದ ವೆಂಡೆಲ್, "ನನ್ನ ಹೆಂಡತಿ ಜೂಲಿಯೆಟ್."

ಜೂಲಿ ಎದ್ದಾಗಿತ್ತು. ನನ್ನ ಕಾಲು ತುಳಿದು, ಪಕ್ಕದವರ ಕೇಕು ಬೀಳಿಸಿ, ಸಾಲಿನಿಂದ ಹೊರಬಿದ್ದು ಸ್ಟೇಜಿನ ಕಡೆ ನಡೆದಳು. ಹ್ಯಾಂಡ್‌ಬ್ಯಾಗು ತೋಳಿನಲ್ಲೇ ಇತ್ತು. ಡ್ವೇನ್ ಕೈ ಕೊಟ್ಟು ಮೇಲೆ ಹತ್ತಿಸಿಕೊಂಡ. ವೆಂಡೆಲ್ ಮುಂದುವರಿಸಿದ: "ಇವಳ ಊರು..."

ಅಲ್ಲಿಗೆ ಅವನ ಮಾತು ಕಟ್ಟಾಯಿತು. ಬಾಯಿ ಅರ್ಧ ತೆರೆದೇ ಇತ್ತು. ಪೆಟ್ರೋಲ್ ಬಂಕಿನ ಹೆಸರು, ಬೂಟಿನ ಬಣ್ಣ, ರೇಡಿಯೋದವರು ಮಾರಿದ ಮೈದಾಹಿಟ್ಟು ಎಲ್ಲ ನೆನಪಿದ್ದ ಮನುಷ್ಯ ಖಾಲಿ ಗೋಣಿಯ ಹಾಗೆ ನಿಂತ. ಆಮೇಲೆ ಅಷ್ಟು ಜನರ ಎದುರು, ಮೈಕಿನಲ್ಲೇ, ಹೆಂಡತಿಯ ಕಡೆ ತಿರುಗಿ ಕೇಳಿದ.

"ಹನಿ, ನಿನ್ನ ಊರು ಯಾವುದು?"

ಹಾಲಿಡೀ ನಕ್ಕಿತು. ಜೂಲಿ ನಗಲಿಲ್ಲ. ಮೈಕಿನ ಹತ್ತಿರ ಬಂದು, ಅವನನ್ನು ಭುಜದಿಂದ ಸ್ವಲ್ಪ ಸರಿಸಿ, ನಿಧಾನವಾಗಿ ಹೇಳಿದಳು.

"ಬೇಳ. ಕುಂಬ್ಳೆಯ ಹತ್ತಿರ. ಕಾಸರಗೋಡು ಡಿಸ್ಟ್ರಿಕ್ಟ್." ಸ್ವಲ್ಪ ತಡೆದು, "ಥರ್ಟಿ ಇಯರ್ಸ್, ವೆಂಡೆಲ್."

ಅವನು ಹ್ಯಾಟು ತೆಗೆದ. ಜನ ಇನ್ನೂ ನಗುತ್ತಿರುವಾಗಲೇ ಮೈಕಿಗೆ ಬಗ್ಗಿ, ಇವಳು ಹೇಳಿದ್ದನ್ನು ಒಂದೊಂದೇ ಶಬ್ದವಾಗಿ ಮತ್ತೆ ಹೇಳಿದ, ಬೇಳ, ಕುಂಬ್ಳೆ, ಕಾಸರಗೋಡು. ಮೂರೂ ತಪ್ಪು. ಆದರೂ ಅವಳು ತಲೆಯಾಡಿಸಿ ಒಪ್ಪಿದಳು. ಡ್ವೇನ್ ಬ್ಯಾಂಜೋ ಶುರುಮಾಡಿದ.

ಆ ಬಾರದ ರೈಲಿನ ಹಾಡೇ. ವೆಂಡೆಲನ ದನಿ ತೆಳ್ಳಗಾಗಿತ್ತು, ಅಲ್ಲಲ್ಲಿ ತೂತು ಬಿದ್ದಿತ್ತು. ಅದರ ಮೇಲೆ ಜೂಲಿಯ ದನಿ ಬಂದು ಕೂತಿತು, ಮೂಗಿನಿಂದ, ಚೂರಿಯ ಹಾಗೆ ನೇರ, ಎಲ್ಲಿ ಅವನು ಜಾರುತ್ತಾನೆ ಎಂದು ಮೊದಲೇ ಗೊತ್ತಿದ್ದವಳ ಹಾಗೆ ಅಲ್ಲೆಲ್ಲ ಹಿಡಿದುಕೊಂಡಿತು. ವಾದ್ಯದವರ ಸರದಿ ಬಂದಾಗ ಹಾಡುವವರು ಮೈಕು ಬಿಟ್ಟು ಹಿಂದೆ ಸರಿಯಬೇಕು. ಅದು ಅವಳಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಬಿಡಲಿಲ್ಲ. ಬ್ಯಾಗು ತೂಗುತ್ತ ನಡುವಿನಲ್ಲೇ ನಿಂತಿದ್ದಳು. ಪಾಪ ಡ್ವೇನ್ ಅವಳ ಕಂಕುಳ ಕೆಳಗಿನಿಂದ ಬ್ಯಾಂಜೋ ತೂರಿಸಿ ಮೈಕಿಗೆ ಕೇಳಿಸಬೇಕಾಯಿತು.

ನನ್ನ ಪಕ್ಕದಲ್ಲಿ ಕೇಕು ಕಳಕೊಂಡ ಹೆಂಗಸು ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ಬಗ್ಗಿದಳು. ಈ ಬೇಳ ಎನ್ನುವುದು ದೊಡ್ಡ ಊರಾ ಎಂದು ಕೇಳಿದಳು.

ಒಂದು ಇಗರ್ಜಿ, ಒಂದು ಬಸ್‌ಸ್ಟಾಪು, ಮಧ್ಯಾಹ್ನ ಬಾಗಿಲು ಹಾಕುವ ಒಂದೆರಡು ಅಂಗಡಿ. ಆದರೆ ನಾನು ಹೆಣ್ಣಿನ ಕಡೆಯವಳಾಗಿ ಬಂದವಳಲ್ಲವೇ.

"ತುಂಬ ದೊಡ್ಡದು," ಅಂದೆ. "ಈಗ ಸುಮ್ಮನಿರಿ, ಕೇಳುವ."